ಮನೆಯವರ ನಂಬರು

"ಅಯ್ಯೋ, ಅದಕ್ಯಾಕೆ ಮನೆಯೆಲ್ಲಾ ತಲೆಕೆಳಗು ಮಾಡ್ತೀಯಣ್ಣ? ರಿಂಗ್ ಕೊಡ್ತೀನಿ ತಡಿ," ಎಂದು ತಂಗಿ ತನ್ನ ಫೋನು ಕೈಗೆತ್ತಿಕೊಂಡಳು. ಮೊಬೈಲು ಕಾಣದೆ ಸೋಫಾದ ದಿಂಬುಗಳನ್ನು ಕಿತ್ತೆಸೆಯುತ್ತಿದ್ದ ಅಣ್ಣ, "ಬೇಡ, ಬೇಡ ಕಣೇ!" ಎಂದು ತಿರುಗುವಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ಅಣ್ಣ ಮನೆ, ಸೈಟು ಮಾರಿಸುವ ದಲ್ಲಾಳಿ. ಬೆನ್ನು ಹತ್ತುವವರ ಕಾಟ ತಾಳಲಾರದೆ ಎರಡು ನಂಬರು ಇಟ್ಟಿದ್ದ: ಮನೆಯವರಿಗೆ ಒಂದು, ಕಂಡಕಂಡವರಿಗೆಲ್ಲ ಕೊಡಲು ಅಗ್ಗದ ಪ್ರಿಪೇಯ್ಡ್ ಸಿಮ್ಮಿನದು ಇನ್ನೊಂದು. "ಇದು ಮನೆಯವರಿಗೆ ಮಾತ್ರ, ಯಾರಿಗೂ ಕೊಡ್ಬೇಡ," ಎಂದು ಅವನು ಕೊಟ್ಟಿದ್ದ ನಂಬರನ್ನು ತಂಗಿ ಒಡವೆಯಂತೆ ಕಾಪಾಡಿದ್ದಳು. ಅಮ್ಮನ ಕೊನೆಯ ದಿನ ಆಸ್ಪತ್ರೆಯ ನರ್ಸ್ ಕೇಳಿದರೂ ಕೊಡದೆ, ತಾನೇ ಮೇಲಿಂದ ಮೇಲೆ ಕರೆ ಮಾಡಿದ್ದಳು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಫೋನು ಸೈಲೆಂಟಲ್ಲಿತ್ತು ಕಣೇ," ಎಂದು ಗೋಳಾಡಿದವನನ್ನು ಅವಳೇ ತಬ್ಬಿ ಸಮಾಧಾನ ಮಾಡಿದ್ದಳು.

ಈಗ ಸದ್ದು ಬಂದದ್ದು ಚಪ್ಪಲಿ ಗೂಡಿನ ಡ್ರಾಯರಿನಿಂದ. ತಂಗಿ ಎಳೆದು ನೋಡಿದಳು. ಪಾಲಿಶ್ ಡಬ್ಬಿ, ಹಳೆಯ ಲೇಸುಗಳ ನಡುವೆ ಗುಂಡಿ ಒತ್ತುವ ಪುಟ್ಟ ಫೋನೊಂದು ನಡುಗುತ್ತಾ ಕೂಗುತ್ತಿತ್ತು. ಪರದೆಯ ಮೇಲೆ ಅವಳ ನಂಬರಷ್ಟೇ ಇತ್ತು, ಹೆಸರಿರಲಿಲ್ಲ.

"ರೀ, ಅದನ್ನ ಎತ್ಬೇಡಿ!" ಅಡುಗೆಮನೆಯಿಂದ ಅತ್ತಿಗೆ ಕೂಗಿದಳು. "ಯಾರೋ ತಲೆ ತಿನ್ನೋರು ಇರ್ತಾರೆ. ಬಡ್ಕೊಂಡು ಬಡ್ಕೊಂಡು ಸಾಕಾಗಿ ಅವರೇ ಸುಮ್ಮನಾಗ್ತಾರೆ."

ಅಣ್ಣ ದಿಂಬೊಂದನ್ನು ಎದೆಗವಚಿಕೊಂಡು ನೆಲ ನೋಡುತ್ತಾ ನಿಂತಿದ್ದ. ತಂಗಿ ಕರೆ ಕಟ್ ಮಾಡಿ, ಡ್ರಾಯರನ್ನು ಮೊದಲಿದ್ದ ಹಾಗೇ ಮುಚ್ಚಿದಳು.

"ಸುಮ್ಮನಾದ್ರು ಅತ್ತಿಗೆ," ಎಂದಳು.