ಬೋಳು ಅಂಗಳ

ಗೇಲನ್ ಅಂಗಳದಲ್ಲಿ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಮೊಳಕೆ ಹುಡುಕುತ್ತಿದ್ದ. ಒಂದೂ ಸಿಗಲಿಲ್ಲ. ಹಿಮ ಕರಗಿದ ಮೇಲೆ ಅಲ್ಲಲ್ಲಿ ಬೋಳಾಗಿ ಕಂಡ ಹುಲ್ಲುಹಾಸಿಗೆ ಒಳ್ಳೆಯ ಬೀಜವನ್ನೇ ತಂದು ಚೆಲ್ಲಿ, ಬೆಳಿಗ್ಗೆ ಸಂಜೆ ನೀರು ಹಿಡಿದಿದ್ದ. ಜಪ್ಪಯ್ಯ ಅಂದರೂ ಒಂದೆಸಳು ಮೇಲೆದ್ದಿರಲಿಲ್ಲ.

ಭಾನುವಾರ ಮೊಮ್ಮಗಳು ಜೋಸಿಯ ಔತಣ. ಮಕ್ಕಳು ಹೈಸ್ಕೂಲು ಮುಗಿಸಿದರೆ ಗ್ಯಾರೇಜು ತೊಳೆದು, ಮೇಜು ಹಾಕಿ, ಕೇಕು ಕತ್ತರಿಸಿ ಊರನ್ನೆಲ್ಲ ಕರೆಯಬೇಕು. ಅಯೋವಾದ ಈ ಸಣ್ಣ ಊರಿನಲ್ಲಿ ಅದನ್ನು ತಪ್ಪಿಸಿಕೊಂಡವರಿಲ್ಲ. ಊರಿನವರ ವಿಷಯದಲ್ಲಿ ಗೇಲನ್‌ಗೆ ಚಿಂತೆಯಿರಲಿಲ್ಲ. ಆದರೆ ಈ ಸಲ ಜೋಸಿಯ ಅಪ್ಪನ ಕಡೆಯವರು ಒಮಾಹಾ ನಗರದಿಂದ ಬರುವವರಿದ್ದರು. ಮಗಳು, ಅಳಿಯ ಇಬ್ಬರೂ ಕಾರು ಅಪಘಾತದಲ್ಲಿ ತೀರಿಕೊಂಡಾಗ, ಒಂಟಿ ಗಂಡಸು ಹೆಣ್ಣುಮಗುವನ್ನು ಸಾಕುವುದುಂಟೇ ಎಂದು ಮೂಗು ಮುರಿದು ಹೋದವರು ಅವರು. ಗೇಲನ್ ಸಾಕಿ ತೋರಿಸಿದ್ದ. ಹುಡುಗಿ ನರ್ಸಿಂಗ್ ಓದಲು ಹೊರಟು ನಿಂತಿದ್ದಳು. ಆದರೆ ಕಾರಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಅಂಗಳ. ಅದೇ ಹೀಗಿದ್ದರೆ ಹುಡುಗಿಯನ್ನು ಇನ್ನು ಹೇಗೆ ನೋಡಿಕೊಂಡಿದ್ದಾನೋ ಎಂದುಕೊಳ್ಳುತ್ತಾರೆ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಪಕ್ಕದ ಮನೆಯ ರೊಬರ್ಟಾ ಬೇಲಿಯಿಲ್ಲದ ಗಡಿಯ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಬೀದಿಯಲ್ಲೇ ಚೆಂದದ ಹುಲ್ಲು ಅವಳದು, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಬೀಜಕ್ಕೆ ಮೊದಲು ಏನಾದರೂ ಹಾಕಿದ್ದೆಯಾ ಎಂದು ಕೇಳಿದಳು. ಕಳೆ ಹುಟ್ಟದಿರಲಿ ಎಂದು ಅಂಗಡಿಯ ಪುಡಿಯೊಂದನ್ನು ಧಾರಾಳವಾಗಿ ಎರಚಿದ್ದೆ ಎಂದು ಗೇಲನ್ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ಯಾವುದು ಕಳೆ, ಯಾವುದು ಹುಲ್ಲು ಅಂತ ಆ ಪುಡಿಗೇನು ಗೊತ್ತು ಕಣಯ್ಯ? ಮೊಳೆಯೋದನ್ನೆಲ್ಲ ಅಲ್ಲೇ ಮುಗಿಸುತ್ತೆ. ಇನ್ನು ಸೆಪ್ಟೆಂಬರ್‌ವರೆಗೂ ನೀನು ಚಿನ್ನ ಬಿತ್ತಿದ್ರೂ ಏನೂ ಬರಲ್ಲ."

ಸುರುಳಿ ಸುತ್ತಿ ಮಾರುವ ಬೆಳೆದ ಹುಲ್ಲನ್ನಾದರೂ ತರೋಣವೆಂದರೆ, ಊರಿನ ಮನೆಮನೆಯಲ್ಲೂ ಔತಣ. ಅಂಗಡಿಯಲ್ಲಿ ಎಂದೋ ಖಾಲಿಯಾಗಿತ್ತು. ನಾನೇನಾದರೂ ಮಾಡಲೇ ಎಂದು ರೊಬರ್ಟಾ ಕೇಳಿದಳು. ಏನೂ ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದ ಗೇಲನ್. ಒಂದು ಲೋಟ ಸಕ್ಕರೆಗೂ ಪಕ್ಕದ ಮನೆಯ ಬಾಗಿಲು ತಟ್ಟಿದವನಲ್ಲ ಅವನು. ನೋಡಿಕೊಂಡದ್ದಾದರೂ ಏನು? ಗ್ಯಾರೇಜಿನ ಕುರ್ಚಿಗಳನ್ನೆಲ್ಲ ಹೊರಗೆ ತಂದು, ಯಾವ ಬೋಳಿನ ಮೇಲೆ ಯಾವುದನ್ನು ಇಟ್ಟರೆ ಮುಚ್ಚೀತು ಎಂದು ಸಂಜೆಯವರೆಗೂ ಜರುಗಿಸಿದ. ಜೋಸಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾರೂ ಕೆಳಗೆ ನೋಡಲ್ಲ ಬಿಡು ತಾತ. ಕೇಕ್ ನೋಡ್ತಾರೆ."

"ಒಮಾಹಾದವರು ನೋಡ್ತಾರೆ," ಅಂದ ಗೇಲನ್. ಜೋಸಿಯ ನಗು ನಿಂತಿತು.

ಶನಿವಾರ ಶಾಲೆಯಲ್ಲಿ, ಓದು ಮುಗಿಸಿದವರಿಗೆ ನೀಲಿ ನಿಲುವಂಗಿ ತೊಡಿಸಿ ಪ್ರಮಾಣಪತ್ರ ಕೊಡುವ ಸಮಾರಂಭ. ಜೋಸಿಯ ಹೆಸರು ಕರೆದಾಗ ಗೇಲನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆದರೆ ಅವಳನ್ನು ಕೂರಿಸಿಕೊಂಡು ಮನೆಯ ಬೀದಿಗೆ ತಿರುಗುವಾಗ ಮತ್ತೆ ಮುಖ ಸಣ್ಣಗಾಯಿತು. ತಿರುಗಿದ ಮೇಲೆ ಕಾರನ್ನು ನಡುಬೀದಿಯಲ್ಲೇ ನಿಲ್ಲಿಸಿದ. ಅಂಗಳದಲ್ಲಿ ಬೋಳು ಜಾಗವೇ ಇರಲಿಲ್ಲ. ಇದ್ದಲ್ಲೆಲ್ಲ ಬೇರು ಮಣ್ಣು ಸಮೇತ ಚೌಕವಾಗಿ ಕತ್ತರಿಸಿದ ಹುಲ್ಲಿನ ತುಂಡುಗಳನ್ನು ಕೂರಿಸಿ, ಅಂಚು ಒತ್ತಿ, ನೀರು ಹಾಕಲಾಗಿತ್ತು. ಅಷ್ಟು ಕಡುಹಸಿರು ಹುಲ್ಲು ಆ ಬೀದಿಯಲ್ಲಿ ಇದ್ದದ್ದು ಒಂದೇ ಮನೆಯಲ್ಲಿ. ಗೇಲನ್ ಆ ಕಡೆ ನೋಡಿದ. ರೊಬರ್ಟಾಳ ಮುಂದಿನ ಅಂಗಳದ ತುಂಬ ಚೌಕ ಚೌಕವಾಗಿ ಕಪ್ಪು ಮಣ್ಣು ಬಾಯಿ ಬಿಟ್ಟುಕೊಂಡಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಸಲಿಕೆ ಒರೆಸುತ್ತಿದ್ದಳು.

ಗೇಲನ್ ಅಲ್ಲಿಗೆ ನಡೆದುಹೋದ.

"ಇದೇನು ಮಾಡ್ಕೊಂಡೆ ರೊಬರ್ಟಾ? ಹಿತ್ತಲಲ್ಲಿ ಕಿತ್ತಿದ್ರೆ ಯಾರಿಗೂ ಕಾಣ್ತಿರಲಿಲ್ಲ."

"ಹಿತ್ತಲಲ್ಲಿ ಇರೋದು ಬರೀ ಕಳೆ. ಕೊಡೋದಾದ್ರೆ ಚೆನ್ನಾಗಿರೋದನ್ನ ಕೊಡಬೇಕಲ್ವಾ?"

ಗೇಲನ್ ಅವಳ ಪಕ್ಕದಲ್ಲಿ ಕೂತ. ಚಳಿಗಾಲದ ಬೆಳಿಗ್ಗೆಗಳಲ್ಲಿ ಜೋಸಿ ಜಡೆ ಹಾಕಿಸಿಕೊಂಡು ಹೊರಬರುವ ತನಕ ಬಸ್ಸು ನಿಲ್ಲಿಸಿಕೊಂಡೇ ಕಾಯುತ್ತಿದ್ದವಳು ಇವಳು. ಈ ಹುಡುಗಿಯನ್ನು ತಾನೊಬ್ಬನೇ ಸಾಕಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು. ತುಂಬ ಉಪಕಾರವಾಯಿತು ಎಂದು ಮೆಲ್ಲಗೆ ಹೇಳಿದ. ಆ ಮಾತು ಅವನ ಬಾಯಿಗೆ ಹೊಸದು. ಸೆಪ್ಟೆಂಬರ್‌ನಲ್ಲಿ ನಿನ್ನ ಅಂಗಳಕ್ಕೆ ಬೀಜ ಹಾಕುವವನು ನಾನೇ ಎಂದೂ ಸೇರಿಸಿದ. ಪುಡಿ ಮಾತ್ರ ಮನೆಯಲ್ಲೇ ಬಿಟ್ಟು ಬಾ ಎಂದಳು ರೊಬರ್ಟಾ.

ಅಷ್ಟರಲ್ಲಿ ಕಾರಿನಿಂದಿಳಿದ ಜೋಸಿ ನೀಲಿ ನಿಲುವಂಗಿ ಎತ್ತಿ ಹಿಡಿದು, ಹುಲ್ಲನ್ನು ಬಳಸಿಕೊಂಡು ಸಿಮೆಂಟು ದಾರಿಯಲ್ಲಿ ಮನೆಯ ಕಡೆ ಹೊರಟಿದ್ದಳು.

"ಏ ಹುಡುಗಿ, ಹುಲ್ಲಿನ ಮೇಲೆ ನಡಿಯೇ," ಎಂದು ರೊಬರ್ಟಾ ಕೂಗಿದಳು. "ಈಗ ತಾನೇ ಕೂರಿಸಿದ್ದು. ತುಳಿದ್ರೇ ಬೇರು ಮಣ್ಣು ಕಚ್ಚೋದು."

ಜೋಸಿ ನಂಬಲಾಗದೆ ನಿಂತಳು. ಆಮೇಲೆ ಚಪ್ಪಲಿ ಕಳಚಿ, ಒಂದು ಕಾಲನ್ನು ಹುಷಾರಾಗಿ ಹುಲ್ಲಿನ ಮೇಲಿಟ್ಟಳು.

ರೊಬರ್ಟಾ ಗೇಲನ್ ಕಡೆ ತಿರುಗಲಿಲ್ಲ. ಹುಡುಗಿಯನ್ನೇ ನೋಡುತ್ತಾ ಹೇಳಿದಳು: "ಅವಳು ಮೊಣಕಾಲುದ್ದ ಇದ್ದಾಗಿಂದ, ನನ್ನ ಹುಲ್ಲು ತುಳೀಬೇಡ ಅಂತ ಅಟ್ಟಿದ್ದೀನಿ. ಹೋಗೋ ಮುಂಚೆ ಒಂದ್ಸಲ ಮನಸಾರೆ ತುಳೀಲಿ."