ಎಡ ಎದೆಯ ತೊಗಲು

ತಗಡಿನ ಕಠಾರಿ ಇದ್ದ ಜಾಗದಲ್ಲಿ ಉಕ್ಕಿನದು ಬಂದು ಕುಳಿತಿರುವುದನ್ನು ನಾಟಕ ಕಂಪನಿಯ ನಾಯಕನಟ ನಿಂಗಬಸಪ್ಪ ಬೆಳಿಗ್ಗೆಯೇ ನೋಡಿದ್ದ. ನೋಡಿಯೂ ತುಟಿ ಬಿಚ್ಚಿರಲಿಲ್ಲ. ಕೊನೆಯ ದೃಶ್ಯದಲ್ಲಿ ಅವನ ಎದೆಗೆ ಇರಿಯುವವನು ಖಳಪಾತ್ರದ ಫಕೀರೇಶ. ನಾಯಕನ ಪಾತ್ರದ ಮೇಲೆ ಅವನಿಗೆ ಕಣ್ಣಿರುವುದು ಗುಟ್ಟೇನಲ್ಲ. ತುಂಬಿದ ಸಭೆಯಲ್ಲಿ, ಮುಂದಿನ ಸಾಲಿನ ಫೌಜದಾರರ ಕಣ್ಣೆದುರಿಗೇ ಅವನು ಸಿಕ್ಕಿಬೀಳಲಿ ಎಂಬುದು ನಿಂಗಬಸಪ್ಪನ ಹಂಚಿಕೆ.

ಬಣ್ಣ ಹಚ್ಚಿಕೊಳ್ಳುವಾಗ ಫಕೀರೇಶನೇ ಬಂದು ಕೇಳಿದ: "ಅಣ್ಣಾರ, ಈ ಗುಂಡಿಗಿ ಅನ್ನೋದು ಖರೇ ಎಲ್ಲಿರ್ತೈತ್ರಿ?"

"ಎದಿ ನಡುವ, ತುಸು ಎಡಕ್ಕ ವಾಲಿರ್ತೈತಿ. ನಿನ್ನ ಮುಷ್ಟಿಯಷ್ಟ ದಪ್ಪ, ಒಳಗ ನಾಕು ಖೋಲಿ. ಯಾಕಪಾ, ಬಾಡಿಗಿ ಹಿಡೀಬೇಕಂತೀಯೇನು?"

ಫಕೀರೇಶ ನಕ್ಕು ಹೋದ. ನಿಂಗಬಸಪ್ಪನೂ ಒಳಗೊಳಗೇ ನಕ್ಕ. ಹುಟ್ಟಿನಿಂದಲೇ ಅವನ ಹೃದಯ ಬಲಕ್ಕಿತ್ತು. ಹಿಂದೊಮ್ಮೆ ವೈದ್ಯರು ಪತ್ತೆಹಚ್ಚಿದ್ದ ಆ ಸಂಗತಿ, ಅವನ ಎದೆಗೆ ಕಿವಿಯಿಟ್ಟು ಮಲಗುವ ಹೆಂಡತಿಯ ಹೊರತು ಕಂಪನಿಯಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲ.

ಅಂಗಿಯೊಳಗೆ ಎಡ ಎದೆಗೆ ದಪ್ಪ ತೊಗಲು ಕಟ್ಟಿದವಳೂ ಅವಳೇ.

"ಬಲಕ್ಕೂ ಒಂದು ತುಂಡು ಕಟ್ಟಿಬಿಡು," ಎಂದ.

"ಬಲಕ್ಕ ಯಾಂವ ಇರೀತಾನ್ರಿ? ಎರಡೂ ಕಡೆ ಕಟ್ಟಿದ್ರ ಗೂಳಿ ಹಂಗ ಕಾಣ್ತೀರಿ," ಎಂದು ಅವಳು ಗುಂಡಿ ಹಾಕಿದಳು.

ಕೊನೆಯ ದೃಶ್ಯ ಬಂತು. ನಿಂಗಬಸಪ್ಪ ಎಡ ಎದೆಯನ್ನು ಮುಂದೊಡ್ಡಿ ನಿಂತ. ಫಕೀರೇಶನ ಕಠಾರಿ ಆ ತೊಗಲಿನ ಹತ್ತಿರದವರೆಗೂ ಬಂದು, ಅಲ್ಲಿ ನಿಲ್ಲದೆ ಅವನ ಬಲ ಎದೆಯತ್ತ ಹೊರಳಿತು.