ತಿಳಿಗುಲಾಬಿ ಕೋಣೆಯ ಅಳತೆ

ಹಾಸ್ಟೆಲ್ ಮಂಚಕ್ಕೆ ಆರಡಿ ಅಗಲದ ಹೊದಿಕೆ ಯಾಕೆ?

ಟೈಲರಮ್ಮ ಮಗಳು ಕಳಿಸಿದ ಅಳತೆಯನ್ನು ಫೋನಿನಲ್ಲಿ ಇನ್ನೊಮ್ಮೆ ನೋಡಿದಳು. ಆರಡಿಯೇ. ಹಾಸ್ಟೆಲಿನ ಕಬ್ಬಿಣದ ಮಂಚ ಮೂರಡಿ ಇದ್ದರೆ ಪುಣ್ಯ ಎನ್ನುವುದು ಯಾರಿಗೆ ಗೊತ್ತಿಲ್ಲ? ಮನಸ್ಸು ತಡೆಯದೆ ಫೋನ್ ಮಾಡಿ ಕೇಳಿಯೇ ಬಿಟ್ಟಳು.

“ಅಯ್ಯೋ ಅಮ್ಮಾ, ನಂದು, ರೂಮ್‌ಮೇಟ್‌ದು ಎರಡೂ ಮಂಚ ಜೋಡಿಸಿದ್ದೀವಿ,” ಎಂದು ಮಗಳು ನಕ್ಕಳು. “ಬಣ್ಣ ಮಾತ್ರ ಮರೀಬೇಡ. ತಿಳಿಗುಲಾಬಿ, ಕೆನೆಬಣ್ಣ, ಅಂಚಿಗೆ ಒಂಚೂರು ಬೂದು. ಕಣ್ಣಿಗೆ ಹೊಡೆಯೋದು ಒಂದೂ ಬೇಡ.”

ಮಗಳನ್ನು ಹಾಸ್ಟೆಲ್ ಗೇಟಿನವರೆಗೆ ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಹತ್ತಿರದಲ್ಲೇ ಕಾಲೇಜಿದ್ದರೂ ಅಷ್ಟು ದೂರದ್ದೇ ಬೇಕೆಂದು ಹಟ ಹಿಡಿದು ಹೋದವಳು. ಹೋಗಿ ವಾರವಾಗುವಷ್ಟರಲ್ಲೇ ಕೋಣೆ ಸಿಂಗರಿಸುವ ಹುಚ್ಚು ಹತ್ತಿತು. ಮೊದಲು ಒಂದು ಕಿಟಕಿಗೆ ಪರದೆ. ಆಮೇಲೆ ಎರಡನೇ ಕಿಟಕಿಗೆ. ಆಮೇಲೆ ಬಾಗಿಲಿಗೆ, ಒಳಬಾಗಿಲಿಗೆ. ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು ತಾಯಿ ಹೊಲಿದದ್ದೇ ಹೊಲಿದದ್ದು.

ಅಂಗಡಿಯಲ್ಲಿ ಗುಂಡಿ, ಕಾಜಾ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಕಾಜಕ್ಕ ಎನ್ನುತ್ತಿದ್ದರು. ಅವಳ ಸೂಜಿ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

“ಒಂದು ರೂಮಿಗೆ ಒಳಬಾಗಿಲು ಎಲ್ಲಿಂದ ಬಂತೇ?”

“ಒಳಗೆ ಕಾಫಿ ಕಾಯಿಸೋ ಜಾಗ ಇದೆಯಂತೆ ಅಕ್ಕಾ.”

“ಇದೆಯಂತೆ! ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಹೊರಗಿನವಳು, ನಂಗೆ ಕಾಣುತ್ತೆ. ಯಾವನೋ ಹುಡುಗ ಸಿಕ್ಕಿದ್ದಾನೆ ಕಣೇ. ಇಬ್ಬರೂ ಸೇರಿ ಮನೆ ಮಾಡಿದ್ದಾರೆ.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡ ಅಕ್ಕಾ!”

ಬೈದದ್ದೇನೋ ಬೈದಳು. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಆರು ವರ್ಷದ ಹಿಂದೆ ಗಂಡ ಬೇರೊಬ್ಬಳ ಮನೆ ಸೇರಿದಾಗ, ಹನ್ನೆರಡರ ಈ ಹುಡುಗಿ ಹೊಲಿಗೆ ಯಂತ್ರದ ಪಕ್ಕ ಬಂದು ಕೂತು, “ನಾನು ನಿನ್ನ ಕಡೆ ಅಮ್ಮಾ,” ಎಂದಿತ್ತು. ಆ ಒಂದು ಮಾತಿನ ಮೇಲೆ ಟೈಲರಮ್ಮ ಇಷ್ಟು ದಿನ ಬದುಕಿದ್ದಳು. ಹುಡುಗನಿದ್ದರೆ ಇರಲಿ, ಹೇಳಬಹುದಿತ್ತಲ್ಲ! ಮುಚ್ಚಿಡುವವರ ಜೊತೆ ಒಂದು ಸಂಸಾರ ಮಾಡಿ ಸಾಕಾಗಿತ್ತು ಅವಳಿಗೆ. ಮಗಳೂ ಅದೇ ದಾರಿ ಹಿಡಿದರೆ ಇನ್ನು ತನ್ನವರೆಂದು ಯಾರಿದ್ದಾರೆ?

“ಭಾನುವಾರ ನಾನೇ ಬಂದು ಪರದೆ ಹಾಕಿಕೊಡ್ತೀನಿ,” ಎಂದು ಫೋನಿನಲ್ಲಿ ಹೇಳಿ ನೋಡಿದಳು.

“ಬೇಡ ಬೇಡ! ನಮ್ಮ ವಾರ್ಡನ್ ಒಂಥರಾ ಅಮ್ಮಾ, ಯಾರನ್ನೂ ಒಳಗೆ ಬಿಡಲ್ಲ. ಫೋಟೋ ಕಳಿಸ್ತೀನಿ.”

ಫೋಟೋ ಬಂತು. ಒಂದು ದಿಂಬು, ಪರದೆಯ ಒಂದು ತುದಿ, ಗೋಡೆಯ ಮೂಲೆ. ಬಣ್ಣವೇನೋ ಚೆನ್ನಾಗಿ ಹೊಂದಿಕೊಂಡಿತ್ತು. ರೂಮ್‌ಮೇಟ್ ಎನ್ನುವವಳ ಒಂದು ಚಪ್ಪಲಿಯೂ ಎಲ್ಲೂ ಕಾಣಲಿಲ್ಲ.

ಬುಧವಾರ ಇನ್ನೊಂದು ಸಂದೇಶ. ‘ಅಮ್ಮಾ, ವಾಚ್‌ಮನ್ ಅಂಕಲ್ ಪರದೆ ಕಂಬಿ ಹೊಡೆದುಕೊಟ್ಟರು. ಅಂಗಡಿ ಶರ್ಟು ಅವರಿಗೆ ಸರಿಯಾಗಿ ಕೂರಲ್ವಂತೆ. ಒಂದು ಹೊಲಿದುಕೊಡು, ಪ್ಲೀಸ್. ಅವರೇ ಹೇಳಿದ ಅಳತೆ ಕೆಳಗಿದೆ.’

ಕಾಜಕ್ಕ ಚಪ್ಪಾಳೆ ತಟ್ಟಿದಳು. “ವಾಚ್‌ಮನ್ನಂತೆ! ಅಳಿಯನ ಶರ್ಟು ಹೊಲಿಯೋ ಯೋಗ ಬಂತು ನೋಡು ನಿಂಗೆ.”

“ಹೊಲೀತೀನಿ. ಹೊಲಿದು ನಾನೇ ತಗೊಂಡು ಹೋಗ್ತೀನಿ,” ಎಂದಳು ಟೈಲರಮ್ಮ. “ಯಾವನ ಮೈಗೆ ಕೂರುತ್ತೋ ನೋಡೇ ಬಿಡ್ತೀನಿ. ಇಬ್ಬರ ಕೆನ್ನೆಗೂ ಬಿಗಿದು ಬರ್ತೀನಿ.”

ಮೇಜಿನ ಮೇಲೆ ಬಟ್ಟೆ ಹರಡಿದಳು. ಕಾಜಕ್ಕ ಫೋನು ಹಿಡಿದು ಒಂದೊಂದಾಗಿ ಓದತೊಡಗಿದಳು. ಟೈಲರಮ್ಮನ ಚಾಕ್‌ಪೀಸು ಬಟ್ಟೆಯ ಮೇಲೆ ಸರಸರ ಓಡಿತು.

“ಉದ್ದ ಇಪ್ಪತ್ತೊಂಬತ್ತು. ಭುಜ ಹದಿನೆಂಟು. ಎದೆ ನಲವತ್ತೆರಡು. ಹೊಟ್ಟೆ...” ಕಾಜಕ್ಕ ಕಣ್ಣರಳಿಸಿದಳು. “ನಲವತ್ನಾಲ್ಕು! ಅಬ್ಬಬ್ಬಾ! ಕಾಲೇಜು ಹುಡುಗನಿಗೆ ಇಷ್ಟು ಹೊಟ್ಟೆಯೇನೇ?”

ಟೈಲರಮ್ಮನ ಎದೆ ಹಗುರಾಯಿತು. ಹುಡುಗನೂ ಇಲ್ಲ, ಗಿಡುಗನೂ ಇಲ್ಲ. ಇದು ವಯಸ್ಸಾದವರ ಮೈಯೇ. ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕಳು. “ನೋಡಿದ್ಯಾ ಅಕ್ಕಾ! ನಿನ್ನ ಮಾತು ಕೇಳಿ ಮಗೂನ ಅನುಮಾನಿಸಿದೆನಲ್ಲ. ಪಾಪಿ ನಾನು. ಮುಂದೆ ಓದು.”

“ಕೊರಳು ಹದಿನಾರೂವರೆ. ಬಲತೋಳು ಇಪ್ಪತ್ನಾಲ್ಕು,” ಎಂದಳು ಕಾಜಕ್ಕ, ಸೋತ ಮುಖದಲ್ಲಿ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಕೂಗಿದಂತಾಗಿ ಅತ್ತ ತಿರುಗಿ ನೋಡಿದಳು. ಟೈಲರಮ್ಮನ ಕೈ ನಿಲ್ಲಲಿಲ್ಲ. ನಗುತ್ತಲೇ ಎಡತೋಳನ್ನೂ ಗುರುತು ಮಾಡಿ ಮುಗಿಸಿದಳು.

“ಎಲ್ಲಿದ್ದೆ? ಹ್ಞಾ, ಎಡತೋಳು ಇಪ್ಪತ್ತೆರಡೂವರೆ.” ಕಾಜಕ್ಕ ಹುಬ್ಬು ಗಂಟಿಕ್ಕಿದಳು. “ಇದ್ಯಾವ ಲೆಕ್ಕವೇ? ಒಂದು ತೋಳು ಗಿಡ್ಡ ಇರುತ್ತಾ? ತಪ್ಪು ಬರೆದಿದ್ದಾಳೆ. ಎರಡೂ ಇಪ್ಪತ್ನಾಲ್ಕೇ ಇಡು.”

ಟೈಲರಮ್ಮ ಬಟ್ಟೆ ನೋಡಿದಳು. ನಗು ಅಲ್ಲೇ ನಿಂತಿತು.

ಕಾಜಕ್ಕ ಓದುವ ಮೊದಲೇ ಅವಳ ಕೈ ಎಡತೋಳಿಗೆ ಇಪ್ಪತ್ತೆರಡೂವರೆಗೆ ಗೆರೆ ಎಳೆದಾಗಿತ್ತು; ಹದಿನೇಳು ವರ್ಷ ಆ ಮೈಗೆ ಅಂಗಿ ಹೊಲಿದ ಕೈ ಅದು, ಮಗಳು ಇರುವುದು ಹಾಸ್ಟೆಲಿನಲ್ಲಲ್ಲ, ಅಪ್ಪನ ಮನೆಯಲ್ಲಿ ಎಂದು ಅವಳಿಗಿಂತ ಮೊದಲು ಅದಕ್ಕೇ ತಿಳಿದಿತ್ತು.